ಮುಂಗಡ ಟಿಕ್ಕು

ಆ ಲಾಂಡ್ರಿಯಲ್ಲಿ ಎಂಟು ಜನ ಡ್ರೈವರುಗಳಿದ್ದರು. ಏಳು ಜನ ಮನುಷ್ಯರು, ಎಂಟನೆಯದು ಕಾಯ್ದೆ ಎಂದು ಇಸ್ತ್ರಿ ಕೋಣೆಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಹಾಗಾಗಿ ಅವನಿಗೆ ಕಾಯ್ದೆಯಣ್ಣ ಎಂಬ ಹೆಸರು ಬಿತ್ತು. ಹಾಗೆ ಕರೆದಾಗ ಮುಖ ಗಂಟು ಹಾಕಿಕೊಂಡರೂ ಒಳಗೊಳಗೇ ಹಿಗ್ಗುತ್ತಿದ್ದ. ಇಪ್ಪತ್ತಾರು ವರ್ಷ ಆಸ್ಪತ್ರೆಯ ಹಾಸಿಗೆ ಬಟ್ಟೆ, ಹೋಟೆಲಿನ ಟವೆಲ್ಲು ಸಾಗಿಸಿದ್ದ. ವ್ಯಾನಿಗೆ ಒಂದು ಗೀರು ಬಿದ್ದಿರಲಿಲ್ಲ, ಒಂದು ದಂಡದ ಚೀಟಿ ಬಂದಿರಲಿಲ್ಲ. ಹೊಸಬರು ಕೆಲಸಕ್ಕೆ ಸೇರಿದರೆ ಮೊದಲ ಆರು ತಿಂಗಳು ಅವನ ಪಕ್ಕದ ಸೀಟಿನಲ್ಲಿ ಕೂತು ಅವನ ಉಪದೇಶ ಕೇಳಬೇಕೆಂಬುದು ಮ್ಯಾನೇಜರ ಅಪ್ಪಣೆ. ಆ ಆರು ತಿಂಗಳು ದಾಟಿದವರು ಆಮೇಲೆ ಯಾವ ಶಿಕ್ಷೆಗೂ ಹೆದರುತ್ತಿರಲಿಲ್ಲ.

ಉಪದೇಶದ ಮೊದಲ ಪಾಠ ತಪಾಸಣೆ ಪುಸ್ತಕ. ವ್ಯಾನಿಗೊಂದು ಪುಸ್ತಕ, ಗೇಟಿನ ಪಕ್ಕದ ಗೋಡೆಗೆ ಮೊಳೆ ಹೊಡೆದು ಸಾಲಾಗಿ ನೇತುಹಾಕಿದ್ದರು. ತಿಂಗಳಿಗೊಂದು ಹಾಳೆ, ದಿನಕ್ಕೊಂದು ಸಾಲು, ಸಾಲಿಗೆ ಎಂಟು ಮನೆ: ಟೈರು, ಬ್ರೇಕು, ದೀಪ, ಕನ್ನಡಿ, ನೀರು, ಆಯಿಲ್ಲು, ಹಿಂಬಾಗಿಲ ಚಿಲಕ, ಕೊನೆಯದು ಕಾಗದಪತ್ರ. ಬೆಳಿಗ್ಗೆ ವ್ಯಾನು ಹೊರಡುವ ಮೊದಲು ಒಂದೊಂದನ್ನೂ ಕಣ್ಣಾರೆ ನೋಡಿ, ಒಂದೊಂದು ಮನೆಗೂ ಟಿಕ್ಕು ಹಾಕಿ ಸಹಿ ಮಾಡಬೇಕು. ನೋಡದೆ ಹಾಕಿದ ಟಿಕ್ಕು ಸುಳ್ಳು ಸಾಕ್ಷಿ ಇದ್ದ ಹಾಗೆ, ಅದಕ್ಕಿಂತ ಹಾಕದೆ ಇರುವುದೇ ಮೇಲು ಎಂದು ಹೊಸಬರಿಗೆಲ್ಲ ಬೆರಳು ಆಡಿಸಿ ಹೇಳುತ್ತಿದ್ದ.

ಹೇಳುತ್ತಿದ್ದನೇ ಹೊರತು ಮಾಡುತ್ತಿರಲಿಲ್ಲ. ಮೊದಲ ಇಪ್ಪತ್ತು ವರ್ಷ ನಿಜವಾಗಿಯೂ ಬಗ್ಗಿ ನೋಡುತ್ತಿದ್ದ, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಮಂಡಿ ನೋವು ಶುರುವಾಯಿತು. ನೋಡಿದಾಗಲೆಲ್ಲ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು ಬೇರೆ. ಒಂದು ವಾರ ಬಿಟ್ಟ, ಏನೂ ಆಗಲಿಲ್ಲ. ಇನ್ನೊಂದು ವಾರ ಬಿಟ್ಟ, ಆಗಲೂ ಏನೂ ಆಗಲಿಲ್ಲ. ಕೊನೆಗೆ ತಿಂಗಳ ಮೊದಲ ದಿನ ಊಟದ ಬಿಡುವಿನಲ್ಲಿ ವ್ಯಾನಿನೊಳಗೆ ಕೂತು ಇಡೀ ತಿಂಗಳ ಟಿಕ್ಕುಗಳನ್ನು ಒಂದೇ ಸಲಕ್ಕೆ ಹಾಕಿ, ಸಹಿಯನ್ನೂ ಮಾಡಿ ಮುಗಿಸುವ ಅಭ್ಯಾಸವಾಯಿತು. ಮುಂದಿನ ತಾರೀಖುಗಳು ಯಾರ ಕಣ್ಣಿಗೂ ಬೀಳಬಾರದಲ್ಲ, ಅದಕ್ಕೆ ಹಾಳೆಯ ಕೆಳಭಾಗವನ್ನು ಮಡಚಿ ಬಟ್ಟೆಗೆ ಹಾಕುವ ಕ್ಲಿಪ್ಪು ಸಿಕ್ಕಿಸುತ್ತಿದ್ದ. ದಿನಾ ಬೆಳಿಗ್ಗೆ ಗಂಭೀರವಾಗಿ ಪುಸ್ತಕದ ಮುಂದೆ ನಿಂತು, ಮಡಿಕೆಯನ್ನು ಒಂದು ಸಾಲು ಕೆಳಕ್ಕೆ ಸರಿಸಿ ಕ್ಲಿಪ್ಪು ಹಾಕಿ ಹೊರಡುತ್ತಿದ್ದ. ಅವನ ತಪಾಸಣೆ ಅಷ್ಟೇ ಆಗಿತ್ತು.

ಸಿಕ್ಕಿಬಿದ್ದದ್ದು ಒಂದು ಹದಿನೇಳನೇ ತಾರೀಖು, ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ, ವ್ಯಾನನ್ನು ರಿವರ್ಸಿನಲ್ಲಿ ಒಳಗೆ ಬಿಡುವಾಗ. ಟ್ರಾಫಿಕ್ ಪೊಲೀಸಿನವನು ಸುಮ್ಮನೆ ಸಾಲಾಗಿ ಎಲ್ಲ ಗಾಡಿಗಳನ್ನೂ ನಿಲ್ಲಿಸುತ್ತಿದ್ದ. ಕಾಯ್ದೆಯಣ್ಣ ಕಿಟಕಿ ಇಳಿಸಿ, ಕೇಳುವ ಮೊದಲೇ ಕಾಗದಪತ್ರದ ಚೀಲ ಚಾಚಿ, ನಮ್ಮ ಗಾಡಿಯಲ್ಲಿ ತಪ್ಪು ಹುಡುಕಲು ನಿಮಗೆ ಸಂಜೆಯಾಗುತ್ತದೆ ಎಂದ. ಪೊಲೀಸಿನವನಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ವಿಮೆಯ ಅವಧಿ ಮುಗಿದು ಇಪ್ಪತ್ತಮೂರು ದಿನವಾಗಿತ್ತು. ಅವನು ತಾರೀಖನ್ನು ಎರಡು ಸಲ ಗಟ್ಟಿಯಾಗಿ ಓದಿ, ಬೆರಳು ಇಟ್ಟು ತೋರಿಸಿದ. ಗೇಟಿನ ಬಳಿ ನಿಂತಿದ್ದ ವಾರ್ಡಿನ ಆಯಾಗಳು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರು. ಪೊಲೀಸಿನವನು ಲೈಸೆನ್ಸು ಕಿತ್ತುಕೊಂಡು ವ್ಯಾನನ್ನು ಅಲ್ಲೇ ತಡೆದದ್ದರಿಂದ ಒಗೆದ ಹಾಸಿಗೆ ಬಟ್ಟೆಗಳನ್ನೆಲ್ಲ ಅವರೇ ಕೈಗಾಡಿಯಲ್ಲಿ ಎಳೆದುಕೊಂಡು ಹೋಗಬೇಕಾಯಿತು.

ವಿಮೆ ಕಟ್ಟುವುದು ಡ್ರೈವರನ ಕೆಲಸವಲ್ಲ, ಆಫೀಸಿನದು. ಆ ಕೆಲಸ ನೋಡುತ್ತಿದ್ದ ಗುಮಾಸ್ತೆ ಹೆರಿಗೆ ರಜೆ ಹಾಕಿದ್ದಳು, ಅವಳ ಮೇಜಿನ ಫೈಲುಗಳನ್ನು ಯಾರೂ ಮುಟ್ಟಿರಲಿಲ್ಲ. ಮಾಲೀಕರು ತಪ್ಪು ಒಪ್ಪಿ ದಂಡ ತೆತ್ತು ಕೈ ತೊಳೆದುಕೊಂಡರು. ಡ್ರೈವರನ ಮೇಲಿನ ಕೇಸು ಮಾತ್ರ ಬೇರೆಯಾಗಿ ಉಳಿಯಿತು. ವಿಮೆ ಇಲ್ಲದ ಗಾಡಿ ಓಡಿಸಿದ್ದು ಸಾಬೀತಾದರೆ ಆರು ತಿಂಗಳು ಲೈಸೆನ್ಸು ಅಮಾನತು; ಒಮ್ಮೆ ಅಮಾನತಾದವನನ್ನು ಲಾಂಡ್ರಿಯಲ್ಲಿ ಮತ್ತೆ ವ್ಯಾನು ಹತ್ತಿಸುವುದಿಲ್ಲ. ಅವನಿಗೆ ಐವತ್ತನಾಲ್ಕು ವಯಸ್ಸು. ಸ್ಟೀರಿಂಗ್ ಬಿಟ್ಟರೆ ಕೈಗೆ ಬೇರೇನೂ ಗೊತ್ತಿರಲಿಲ್ಲ.

ಲಾಂಡ್ರಿಯಲ್ಲಿ ಎಲ್ಲರೂ ಮರುಗಿದರು. ಇಂಥ ಮನುಷ್ಯನಿಗೆ ಇಂಥ ಗತಿಯೇ ಎಂದರು. ಆ ಮರುಕ ಅವನಿಗೆ ಚೆನ್ನಾಗಿಯೇ ಹಿಡಿಸಿತು. ಮ್ಯಾನೇಜರು ಪೊಲೀಸರಿಗೆ ಕೊಟ್ಟ ಹೇಳಿಕೆ ಕೈಗೆ ಬರುವ ತನಕ ತಾನು ನಿರಪರಾಧಿ ಎಂದೇ ಅವನೂ ನಂಬಿದ್ದ.

ವಕೀಲಮ್ಮನ ಕೋಣೆ ಜೆರಾಕ್ಸ್ ಅಂಗಡಿಯ ಮೇಲಿತ್ತು. ಕೆಳಗಿನ ಯಂತ್ರ ಓಡಿದಾಗಲೆಲ್ಲ ಮೇಜು ನಡುಗುತ್ತಿತ್ತು. ನಲವತ್ತರ ಆಸುಪಾಸಿನ ಹೆಂಗಸು, ಮಾತಿನಲ್ಲಿ ಚುರುಕು, ಮುಖದಲ್ಲಿ ನಿದ್ದೆಗೆಟ್ಟ ಕಳೆ. ಇಂಥ ಕೇಸಿನಲ್ಲಿ ತಪ್ಪಿಸಿಕೊಳ್ಳಲು ಮೂರು ದಾರಿ ಇವೆ ಎಂದಳು. ಒಂದು, ವಿಮೆ ನಿಜವಾಗಿ ಇತ್ತು ಎಂದು ತೋರಿಸುವುದು. ಅದು ಇರಲಿಲ್ಲ. ಎರಡು, ಗಾಡಿ ಸಾರ್ವಜನಿಕ ರಸ್ತೆಯ ಮೇಲೆ ಇರಲಿಲ್ಲ ಎನ್ನುವುದು. ಆಸ್ಪತ್ರೆಯ ಆವರಣ ಖಾಸಗಿ ಜಾಗವಲ್ಲವೇ ಎಂದು ಇವನು ಆಸೆಯಿಂದ ಕೇಳಿದ. ಅವಳು ಪೊಲೀಸರು ತೆಗೆದ ಫೋಟೋ ಮುಂದಿಟ್ಟಳು. ಮುಂದಿನ ಚಕ್ರಗಳು ಗೇಟಿನಿಂದ ಆಚೆ ರಸ್ತೆಯ ಮೇಲೆ ಇದ್ದವು.

“ಹಿಂದಿನ ಚಕ್ರ ಒಳಗೇ ಇತ್ತು ಮೇಡಂ.”

“ಹಾಗಾದ್ರೆ ನೀವು ಹಿಂದಿನ ಚಕ್ರ ಮಾತ್ರ ಓಡಿಸ್ತಿದ್ರಿ ಅಂತ ಜಡ್ಜ್ ಹತ್ರ ಹೇಳ್ಲಾ?”

ಮೂರನೆಯ ದಾರಿಯೇ ಗಟ್ಟಿ ಎಂದಳು. ಗಾಡಿ ಮಾಲೀಕರದ್ದು, ಓಡಿಸಿದ್ದು ಕೆಲಸದ ಮೇಲೆ, ವಿಮೆ ಇಲ್ಲವೆಂದು ಡ್ರೈವರನಿಗೆ ಗೊತ್ತಿರಲಿಲ್ಲ, ಗೊತ್ತಾಗಲು ಕಾರಣವೂ ಇರಲಿಲ್ಲ. ಇಷ್ಟನ್ನೂ ಸಾಬೀತು ಮಾಡಿದರೆ ಕೂಲಿ ಕೆಲಸದವನನ್ನು ಕಾನೂನು ಬಿಟ್ಟುಬಿಡುತ್ತದೆ. ಕಾಯ್ದೆಯಣ್ಣ ನೆಮ್ಮದಿಯ ಉಸಿರು ಬಿಟ್ಟ. ಆಗ ಅವಳು ಮ್ಯಾನೇಜರ ಹೇಳಿಕೆ ಓದಿದಳು: ನಮ್ಮ ಹಿರಿಯ ಡ್ರೈವರು ಅತ್ಯಂತ ಕಟ್ಟುನಿಟ್ಟಿನ ಮನುಷ್ಯರು, ಪ್ರತಿದಿನವೂ ಕಾಗದಪತ್ರ ನೋಡಿ ಟಿಕ್ಕು ಹಾಕುತ್ತಾರೆ, ಅವಧಿ ಮುಗಿದದ್ದು ಅವರಿಗೆ ಗೊತ್ತಿದ್ದೂ ನಮಗೆ ತಿಳಿಸಿಲ್ಲ. ಅವಧಿ ಮುಗಿದ ಮೇಲಿನ ಇಪ್ಪತ್ತಮೂರು ದಿನಕ್ಕೆ ಇಪ್ಪತ್ತಮೂರು ಟಿಕ್ಕು ಪುಸ್ತಕದಲ್ಲಿವೆ.

ಅವನು ಇಷ್ಟು ವರ್ಷ ಕೂಡಿಟ್ಟ ಒಳ್ಳೆಯ ಹೆಸರೇ ಎದುರುಗಡೆಯ ಸಾಕ್ಷಿಯಾಗಿ ನಿಂತಿತ್ತು. ನೋಡಿದ್ದು ಹೌದಾ, ಇಲ್ಲವಾ ಎಂದು ಅವಳು ಕೇಳಿದಳು. ಮರೆತಿರಬಹುದು, ಆತುರದಲ್ಲಿ ತಾರೀಖು ಕಣ್ಣಿಗೆ ಬೀಳದೆ ಇದ್ದಿರಬಹುದು ಎಂದು ಏನೇನೋ ಗೊಣಗಿದ. ವಕೀಲಮ್ಮ ಪೆನ್ನಿನ ಮುಚ್ಚಳ ಹಾಕಿ, ನಾಳೆ ಕೋರ್ಟಿನ ದಾಖಲೆ ಕೋಣೆಗೆ ಬನ್ನಿ, ಮೂಲ ಪುಸ್ತಕ ನೋಡೋಣ ಎಂದಳು.

ದಾಖಲೆ ಕೋಣೆಯಲ್ಲಿ ಗುಮಾಸ್ತ ಪುಸ್ತಕ ತಂದು ಮೇಜಿನ ಮೇಲೆ ಹಾಕಿದ. ಹದಿನೇಳನೇ ತಾರೀಖಿನ ಕೆಳಗೆ ಕ್ಲಿಪ್ಪು ಹಾಗೆಯೇ ಇತ್ತು. ಪೊಲೀಸರು ಅದರ ಸಮೇತವೇ ಪುಸ್ತಕ ತಂದು, ಕಂಡಷ್ಟು ಭಾಗದ ಜೆರಾಕ್ಸ್ ತೆಗೆದಿದ್ದರು. ವಕೀಲಮ್ಮನ ಕೈ ಕ್ಲಿಪ್ಪಿನ ಕಡೆ ಹೋದಾಗ ಕಾಯ್ದೆಯಣ್ಣನಿಗೆ ಆ ಕೈ ಹಿಡಿದುಬಿಡಬೇಕು ಅನ್ನಿಸಿತು. ಅವಳು ಕ್ಲಿಪ್ಪು ತೆಗೆದು ಹಾಳೆ ಬಿಡಿಸಿದಳು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು, ಹೀಗೆ ಮೂವತ್ತರ ತನಕ, ವ್ಯಾನು ಪೊಲೀಸ್ ಠಾಣೆಯ ಹಿಂದೆ ಧೂಳು ತಿನ್ನುತ್ತಾ ನಿಂತಿದ್ದ ಅಷ್ಟೂ ದಿನಗಳಿಗೆ, ಎಂಟೆಂಟು ಟಿಕ್ಕು ಮತ್ತು ಅವನ ದುಂಡಗಿನ ಸಹಿ ಸಾಲಾಗಿ ಕೂತಿದ್ದವು.

ವಕೀಲಮ್ಮ ಸ್ವಲ್ಪ ಹೊತ್ತು ಹಾಳೆ ನೋಡಿದಳು, ಆಮೇಲೆ ಅವನನ್ನು ನೋಡಿದಳು. ಅವಳ ತುಟಿ ಅಲುಗಿತು. ನಗಲಿಲ್ಲ ಎಂಬುದು ಅವಳ ದೊಡ್ಡತನ. ನಿಮ್ಮನ್ನು ಉಳಿಸುವುದು ಇದೊಂದೇ ಎಂದಳು. ನೀವು ಯಾವತ್ತೂ ಕಾಗದ ನೋಡಿಲ್ಲ, ಆದ್ದರಿಂದ ನಿಮಗೆ ಗೊತ್ತಿರಲಿಲ್ಲ. ಬೇರೆ ದಾರಿ ಇಲ್ಲವೇ ಎಂದು ಅವನು ಕೇಳಿದ. ಇದೆ, ತಪ್ಪು ಒಪ್ಪಿಕೊಂಡು ಲೈಸೆನ್ಸಿನ ಆಸೆ ಬಿಡುವುದು ಎಂದಳು.

ಅವನು ಅದನ್ನೂ ಒಂದು ಗಳಿಗೆ ಯೋಚಿಸಿದ. ಗೊತ್ತಿದ್ದೂ ಓಡಿಸಿದ ಅಪರಾಧಿ ಅನ್ನಿಸಿಕೊಳ್ಳುವುದಾ, ಇಷ್ಟು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ಸುಳ್ಳುಗಾರ ಅನ್ನಿಸಿಕೊಳ್ಳುವುದಾ ಎಂದು ಒಳಗೇ ಅಳೆದ. ಮೊದಲನೆಯದರಲ್ಲಿ ಸ್ವಲ್ಪ ಮರ್ಯಾದೆ ಉಳಿಯುತ್ತದೆ ಅನ್ನಿಸಿತು. ಮನೆಯ ಬಾಡಿಗೆ, ಮಂಡಿಯ ಮಾತ್ರೆ ನೆನಪಾದ ಮೇಲೆ ಆ ಯೋಚನೆ ಬಿಟ್ಟ.

ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿ ಸಹಿಸಿಕೊಳ್ಳಬಹುದಿತ್ತು. ವಕೀಲಮ್ಮ ಇನ್ನೊಂದು ಮಾತು ಹೇಳಿದಳು.

“ಈ ತಿಂಗಳು ಒಂದೇ ಸಲ ಹೀಗಾಯ್ತು, ಮೊದಲೆಲ್ಲ ನೋಡ್ತಿದ್ರು ಅಂತ ಸರ್ಕಾರಿ ವಕೀಲರು ಹೇಳ್ತಾರೆ. ಇದು ನಿಮ್ಮ ಹಳೇ ಅಭ್ಯಾಸ ಅಂತ ಹೇಳೋಕೆ ಒಬ್ಬರು ಬೇಕು. ನೀವು ಟಿಕ್ ಹಾಕೋದನ್ನ ಪಕ್ಕದಲ್ಲಿ ಕೂತು ನೋಡಿದವರು. ಯಾರಾದ್ರೂ ಇದಾರಾ?”

ಯಾರೂ ಇಲ್ಲ ಎಂದ. ಒಬ್ಬ ಇದ್ದ.

ಅವನ ಹೆಂಡತಿಗೆ ಒಬ್ಬನೇ ತಮ್ಮ. ತಾಯಿ ಹೋದಾಗ ಅವನಿಗೆ ಮೂರು ವರ್ಷ, ಅವಳಿಗೆ ಹದಿನಾಲ್ಕು. ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಮದುವೆಯಾಗಿ ಬರುವಾಗಲೂ ಕೈಹಿಡಿದು ಕರೆದುಕೊಂಡೇ ಬಂದಿದ್ದಳು. ಮೂವತ್ತು ದಾಟಿದರೂ ಒಂದು ಕಡೆ ನೆಲೆ ನಿಲ್ಲದ ಅವನನ್ನು ಎರಡು ವರ್ಷಕ್ಕೂ ಹಿಂದೆ ಕಾಯ್ದೆಯಣ್ಣನೇ ಲಾಂಡ್ರಿಗೆ ಸೇರಿಸಿ, ಆರು ತಿಂಗಳು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿದ್ದ. ಬೇರೆ ಹೊಸಬರ ಮುಂದೆ ಪುಸ್ತಕ ತೆರೆಯುವಾಗ ಎಚ್ಚರಿಕೆ ಇರುತ್ತಿತ್ತು, ತಿಂಗಳ ಮೊದಲ ದಿನ ಅವರನ್ನು ಏನಾದರೂ ನೆಪ ಹೇಳಿ ಆಚೆ ಕಳಿಸುತ್ತಿದ್ದ. ಭಾವಮೈದುನ ಮನೆಯವನೇ ಅಲ್ಲವೇ ಎಂದು ಅವನೆದುರೇ ಟಿಕ್ಕು ಹಾಕಿದ, ಅವನೆದುರೇ ಹಾಳೆ ಮಡಚಿದ. ಅವನು ನೋಡಿಕೊಂಡ.

ತನ್ನದೇ ವ್ಯಾನು ಸಿಕ್ಕ ಒಂದು ವರ್ಷದ ಮೇಲೆ ಒಂದು ಬೆಳಿಗ್ಗೆ ಭಾವಮೈದುನನ ಗಾಡಿಯ ಹಿಂಬಾಗಿಲ ಚಿಲಕ ನಡುರಸ್ತೆಯಲ್ಲಿ ಕಳಚಿತು. ಹಾಸಿಗೆ ಬಟ್ಟೆಯ ಎರಡು ಗಂಟು ಉರುಳಿ ಹಿಂದೆ ಬರುತ್ತಿದ್ದ ಸ್ಕೂಟರಿಗೆ ಅಡ್ಡ ಬಿದ್ದವು. ಸ್ಕೂಟರಿನವನಿಗೆ ಮೊಣಕೈ ತರಚಿತು, ಅಷ್ಟಕ್ಕೆ ಮುಗಿಯಿತು. ಮ್ಯಾನೇಜರು ಸಿಟ್ಟಿನಲ್ಲಿ, ಇವತ್ತು ಎಂಟೂ ವ್ಯಾನುಗಳ ಪುಸ್ತಕ ನನ್ನ ಮೇಜಿಗೆ ಬರಲಿ ಎಂದರು. ಕಾಯ್ದೆಯಣ್ಣ ಎಂಟನ್ನು ತರಲಿಲ್ಲ, ಒಂದನ್ನು ತಂದ. ಭಾವಮೈದುನನ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿ, ಕ್ಲಿಪ್ಪು ತಾನೇ ತೆಗೆದು, ತಿಂಗಳ ಕೊನೆಯ ತನಕ ಬಿದ್ದಿದ್ದ ಟಿಕ್ಕುಗಳನ್ನು ತೋರಿಸಿದ. ನನ್ನ ಸಂಬಂಧಿ ಅಂತ ಮುಖ ನೋಡಬೇಡಿ, ನಿಯಮ ಎಲ್ಲರಿಗೂ ಒಂದೇ ಎಂದ. ಮ್ಯಾನೇಜರು ಉಳಿದ ಪುಸ್ತಕಗಳನ್ನು ಕೇಳುವುದನ್ನೇ ಮರೆತರು. ಎದ್ದು ಬಂದು ಅವನ ಬೆನ್ನು ತಟ್ಟಿದರು.

ಸಂಜೆಯೊಳಗೆ ಭಾವಮೈದುನನ ಕೆಲಸ ಹೋಯಿತು. ಎಂಥ ನ್ಯಾಯವಂತನಪ್ಪಾ, ಹೆಂಡತಿಯ ತಮ್ಮನನ್ನೂ ಬಿಡಲಿಲ್ಲ ಎಂದು ಇಸ್ತ್ರಿ ಕೋಣೆಯಲ್ಲಿ ಒಂದು ವಾರ ಅದೇ ಮಾತು. ಮನೆಯಲ್ಲಿ ಹೆಂಡತಿ ಅತ್ತಳು. ತಮ್ಮನ ಪರವಾಗಿ ಅಲ್ಲ, ಗಂಡನ ಪರವಾಗಿ. ಇಂಥವರ ಹೆಸರಿಗೆ ಮಸಿ ಬಳಿದನಲ್ಲ, ಕೆಲಸ ಕೊಡಿಸಿದವರ ತಲೆ ತಗ್ಗಿಸಿದನಲ್ಲ ಎಂದು. ಭಾವನ ಕಾಲು ಹಿಡಿದು ತಪ್ಪು ಒಪ್ಪಿಕೊಳ್ಳುವ ತನಕ ಹೊಸ್ತಿಲು ತುಳಿಯಬೇಡ ಎಂದು ಹೇಳಿ ಕಳಿಸಿದಳು. ಅವನು ಬಂದ. ಬಾಗಿಲಲ್ಲಿ ನಿಂತು, ತಪ್ಪಾಯ್ತು ಭಾವ ಎಂದ. ಕಾಯ್ದೆಯಣ್ಣ ಕುರ್ಚಿಯಲ್ಲಿ ಕೂತು ಹತ್ತು ನಿಮಿಷ ಜವಾಬ್ದಾರಿಯ ಬಗ್ಗೆ ಬುದ್ಧಿವಾದ ಹೇಳಿ ಕ್ಷಮಿಸಿದ. ಹೇಳುವಾಗ ಭಾವಮೈದುನನ ಮುಖ ನೋಡಲಿಲ್ಲ, ಅವನ ಚಪ್ಪಲಿ ನೋಡುತ್ತಿದ್ದ. ಆಮೇಲೆ ಆ ಹುಡುಗ ಆ ಕಡೆ ತಲೆ ಹಾಕಲಿಲ್ಲ. ಎಂಟು ತಿಂಗಳಾಗಿತ್ತು. ಯಾರಾದರೂ ಅವನ ಹೆಸರೆತ್ತಿದರೆ ಅಕ್ಕ ಮುಖ ತಿರುಗಿಸುತ್ತಿದ್ದಳು, ಆದರೆ ಹಿಟ್ಟು ನಾದುವಾಗ ಒಂದು ಹಿಡಿ ಹೆಚ್ಚು ಹಾಕುವುದನ್ನು ಬಿಟ್ಟಿರಲಿಲ್ಲ.

ಆ ದಿನದ ವಿಷಯ ನೆನಪಿಗೆ ಬಂದಾಗಲೆಲ್ಲ ಕಾಯ್ದೆಯಣ್ಣ ರೇಡಿಯೋ ಹಾಕುತ್ತಿದ್ದ, ಇಲ್ಲವೇ ಹಾರನ್ ಹೊಡೆಯುತ್ತಿದ್ದ. ವಕೀಲಮ್ಮನ ಮಾತು ಕೇಳಿದ ಮೇಲೆ ಹಾಗೆ ಮಾಡಲು ವ್ಯಾನೂ ಇರಲಿಲ್ಲ. ಎರಡು ದಿನ ಮನೆಯಲ್ಲೇ ಕೂತ. ಮೂರನೆಯ ದಿನ ಭಾವಮೈದುನ ಈಗ ಕೆಲಸಕ್ಕಿದ್ದ ಟೈರು ರಿಪೇರಿ ಅಂಗಡಿಗೆ ಹೋದ.

ಭಾವಮೈದುನ ನೀರಿನ ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಟ್ಯೂಬು ಮುಳುಗಿಸಿ ತೂತು ಹುಡುಕುತ್ತಿದ್ದ. ಮೊಣಕೈ ತನಕ ಕಪ್ಪು. ಭಾವನನ್ನು ಕಂಡು ಎದ್ದು, ಅಲ್ಲಿದ್ದ ಒಂದೇ ಒಂದು ಸ್ಟೂಲನ್ನು ಬಟ್ಟೆಯಲ್ಲಿ ಒರೆಸಿ ಕೊಟ್ಟ. ಆ ಒರೆಸಿದ್ದೇ ಇವನಿಗೆ ಚುಚ್ಚಿತು. ಹೇಗೆ ಶುರು ಮಾಡುವುದೆಂದು ತಿಳಿಯದೆ ಕೇಸಿನ ಕಥೆಯನ್ನೆಲ್ಲ ಸುತ್ತಿ ಬಳಸಿ ಹೇಳಿದ. ಮೂರು ದಾರಿ ಹೇಳಿದ, ಹಿಂದಿನ ಚಕ್ರದ ವಿಷಯ ಕೂಡ ಹೇಳಿದ. ಭಾವಮೈದುನ ತೂತಿನ ಮೇಲೆ ಬೆರಳಿಟ್ಟುಕೊಂಡು ಕೇಳಿದ. ಕೊನೆಗೆ ಇವನು ಬೇಕಾದ ಮಾತಿಗೆ ಬಂದ.

“ನಾನು ಹೇಗೆ ಟಿಕ್ ಹಾಕ್ತಿದ್ದೆ ಅಂತ ನೀನು ಕೋರ್ಟಲ್ಲಿ ಹೇಳ್ಬೇಕು.”

“ಯಾವತ್ತು ಬರ್ಬೇಕು ಭಾವ?”

ತಾರೀಖು ಹೇಳಿದ. ಇನ್ನೇನಾದರೂ ಕೇಳುತ್ತಾನೆ, ಒಂದಾದರೂ ಕುಹಕದ ಮಾತು ಆಡುತ್ತಾನೆ ಎಂದು ಕಾದ. ಆಡಿದ್ದರೆ ಹಗುರಾಗುತ್ತಿತ್ತು. ಅವನು ಕೇಳಿದ್ದು ಒಂದೇ, ಅಕ್ಕ ಬರುತ್ತಾಳಾ ಎಂದು. ಬರಬೇಡ ಎಂದು ಹೇಳುತ್ತೇನೆ ಎಂದ ಇವನು. ಅದೇ ಒಳ್ಳೆಯದು ಎಂದು ಭಾವಮೈದುನ ಮತ್ತೆ ಟ್ಯೂಬಿನ ಕಡೆ ತಿರುಗಿದ.

ಹೆಂಡತಿಗೆ ಹೇಳಿದ, ಹತ್ತು ನಿಮಿಷದ ಕೆಲಸ, ನೀನು ಅಂಗಡಿ ಬಿಟ್ಟು ಬರುವುದೇನೂ ಬೇಡ ಎಂದು. ಅವಳು ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸದವಳು, ಅರ್ಧ ದಿನದ ರಜೆಯೂ ಸುಲಭವಲ್ಲ. ಆಯ್ತು ಎಂದಳು. ಆದರೆ ವಿಚಾರಣೆಯ ದಿನ ಕೋರ್ಟಿನ ಮೆಟ್ಟಿಲ ಮೇಲೆ ಅವನಿಗಿಂತ ಮೊದಲೇ ಬಂದು ನಿಂತಿದ್ದಳು, ಇಸ್ತ್ರಿ ಮಾಡಿದ ಒಳ್ಳೆಯ ಬಟ್ಟೆ ಉಟ್ಟು, ತಲೆ ನೀಟಾಗಿ ಬಾಚಿಕೊಂಡು. ನಿಮ್ಮಂಥವರನ್ನು ಕಟಕಟೆಯಲ್ಲಿ ಒಬ್ಬರೇ ನಿಲ್ಲಿಸಿ ನಾನು ಬಟ್ಟೆ ಕತ್ತರಿಸುತ್ತಾ ಕೂರಲಾ ಎಂದಳು. ಅವನ ಕಾಲರು ಸರಿಮಾಡಿ, ನೀವು ತಪ್ಪು ಮಾಡೋರಲ್ಲ ಅಂತ ಜಡ್ಜಿಗೂ ಮುಖ ನೋಡಿದರೆ ಗೊತ್ತಾಗುತ್ತೆ ಎಂದಳು. ಅವನು ಅವಳ ಹಿಂದೆ ಮೆಟ್ಟಿಲು ಹತ್ತಿದ.

ಕೋರ್ಟು ಎಂದರೆ ಹಳೆಯ ಶಾಲೆಯ ಕೋಣೆಯಷ್ಟು ಜಾಗ. ಮೇಲೆ ಎರಡು ಫ್ಯಾನು, ಅದರಲ್ಲಿ ಒಂದು ತಿರುಗುತ್ತಿತ್ತು. ಹಿಂದಿನ ಬೆಂಚಿನಲ್ಲಿ ಮ್ಯಾನೇಜರು, ಪಕ್ಕದಲ್ಲಿ ಸಾಕ್ಷಿಗೆಂದು ಮ್ಯಾನೇಜರು ಕರೆತಂದ ಇಬ್ಬರು ಡ್ರೈವರುಗಳು, ಇಬ್ಬರೂ ಅವನ ಕೈಕೆಳಗೆ ಪಾಠ ಕಲಿತವರು. ಹೆಂಡತಿ ಮುಂದಿನ ಬೆಂಚಿನ ತುದಿಯಲ್ಲಿ ಕೂತಳು. ತಮ್ಮನನ್ನು ಕಂಡು ಇವನು ಯಾಕೆ ಬಂದ ಎನ್ನುವಂತೆ ಗಂಡನ ಕಡೆ ನೋಡಿ, ಮೊಣಕೈ ಒಳಕ್ಕೆ ಎಳೆದುಕೊಂಡಳು.

ಮೊದಲು ಕಾಯ್ದೆಯಣ್ಣನೇ ಕಟಕಟೆ ಹತ್ತಬೇಕಾಯಿತು. ವಕೀಲಮ್ಮ ಪುಸ್ತಕ ಕೈಗೆ ಕೊಟ್ಟು, ಇದು ನಿಮ್ಮ ಸಹಿಯೇ, ಹದಿನೆಂಟನೇ ತಾರೀಖಿನ ಸಹಿ ಯಾವತ್ತು ಮಾಡಿದಿರಿ, ಇಪ್ಪತ್ತೊಂಬತ್ತರದ್ದು ಯಾವತ್ತು ಎಂದು ಒಂದೊಂದಾಗಿ ಕೇಳಿದಳು. ಅವನು ಒಂದನೇ ತಾರೀಖು, ಒಂದನೇ ತಾರೀಖು ಎನ್ನುತ್ತಾ ಹೋದ. ಪ್ರತಿ ಉತ್ತರಕ್ಕೂ ದನಿ ಒಂದಿಷ್ಟು ಕುಗ್ಗಿತು. ನ್ಯಾಯಾಧೀಶರು ಗಟ್ಟಿಯಾಗಿ ಹೇಳಿ ಎಂದು ಎರಡು ಸಲ ಹೇಳಿದರು. ಹಿಂದಿನ ಬೆಂಚಿನಲ್ಲಿ ಒಬ್ಬ ಡ್ರೈವರು ಕೆಮ್ಮಿನ ನೆಪದಲ್ಲಿ ನಕ್ಕ. ನೆಲ ಬಿರಿದು ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. ಹೆಂಡತಿಯ ಕಡೆ ನೋಡುವ ಧೈರ್ಯ ಬರಲಿಲ್ಲ.

ಸರ್ಕಾರಿ ವಕೀಲರು ವಕೀಲಮ್ಮ ಹೇಳಿದ ಹಾಗೆಯೇ ಎದ್ದರು. ಇದೊಂದು ತಿಂಗಳ ಸೋಮಾರಿತನ ಇರಬಹುದು. ಇಪ್ಪತ್ತಾರು ವರ್ಷ ಶಿಸ್ತಿಗೆ ಹೆಸರಾದ ಮನುಷ್ಯ ಕಾಗದದ ಮೇಲೆ ಕಣ್ಣೇ ಹಾಯಿಸಲಿಲ್ಲ ಎಂದರೆ ನಂಬಲಾಗದು ಎಂದರು. ಆಗ ಭಾವಮೈದುನನ ಸರದಿ ಬಂತು. ಅವನು ಕೈಗಳನ್ನು ಚೆನ್ನಾಗಿಯೇ ಉಜ್ಜಿ ತೊಳೆದು ಬಂದಿದ್ದ, ಆದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಕೇಳಿದ್ದಕ್ಕೆ ಕೇಳಿದಷ್ಟೇ ಹೇಳಿದ. ಆರು ತಿಂಗಳು ಪಕ್ಕದಲ್ಲಿ ಕೂತಿದ್ದೆ. ತಿಂಗಳ ಮೊದಲ ದಿನ ಊಟವಾದ ಮೇಲೆ ಭಾವ ಪೂರ್ತಿ ಹಾಳೆ ತುಂಬಿಸುತ್ತಿದ್ದರು. ಕಾಗದದ ಚೀಲವನ್ನು ತೆರೆದದ್ದು ನಾನು ಒಮ್ಮೆಯೂ ನೋಡಿಲ್ಲ, ಅದರ ಮೇಲೆ ಆಸ್ಪತ್ರೆಯ ಚೀಟಿಗಳು ಒಂದು ಗೇಣು ಬಿದ್ದಿರುತ್ತಿದ್ದವು. ಹಾಳೆ ಮಡಚಿ ಕ್ಲಿಪ್ಪು ಹಾಕುವುದನ್ನೂ ತೋರಿಸಿಕೊಟ್ಟಿದ್ದರು.

ಸರ್ಕಾರಿ ವಕೀಲರು ಬಿಡಲಿಲ್ಲ. ಇವನನ್ನು ಲಾಂಡ್ರಿಯಿಂದ ತೆಗೆದದ್ದು ಯಾಕೆ ಎಂದು ಕೇಳಿ, ಇದೇ ತಪ್ಪಿಗೆ ಎಂದು ಅವನ ಬಾಯಿಂದಲೇ ಹೇಳಿಸಿದರು. ದೂರು ಕೊಟ್ಟವರು ಯಾರು ಎಂದರು. ಭಾವ ಎಂದ.

“ನಿಮ್ಮ ಭಾವನೂ ಹಾಗೇ ಮಾಡ್ತಿದ್ರು ಅನ್ನೋದು ನಿಜವಾಗಿದ್ರೆ ಆವತ್ತೇ ಮ್ಯಾನೇಜರ ಹತ್ರ ಹೇಳ್ತಿದ್ರಿ. ಯಾಕೆ ಹೇಳ್ಲಿಲ್ಲ?”

ಭಾವಮೈದುನ ಕಟಕಟೆಯ ಮರವನ್ನು ಹೆಬ್ಬೆರಳಿನಿಂದ ತೀಡಿದ.

“ಹೇಳಿದ್ರೆ ಇಬ್ರ ಕೆಲಸಾನೂ ಹೋಗ್ತಿತ್ತು ಸ್ವಾಮಿ. ಇಬ್ರೂ ಮನೇಲಿ ಕೂರೋದಕ್ಕಿಂತ ಒಬ್ಬ ಕೂತ್ರೆ ಅಕ್ಕಂಗೆ ಸಲೀಸು ಅನ್ನಿಸ್ತು.”

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ಅವನನ್ನು ನೋಡಿದರು. ಸರ್ಕಾರಿ ವಕೀಲರು ಕೂತರು. ಕಾಯ್ದೆಯಣ್ಣ ಆಗ ಹೆಂಡತಿಯ ಕಡೆ ನೋಡಿದ, ನೋಡದೆ ಇರಲು ಆಗಲಿಲ್ಲ. ಅವಳು ಅಳುತ್ತಿರಲಿಲ್ಲ. ಅಳತೆ ತಪ್ಪಿ ಕತ್ತರಿಸಿದ ಬಟ್ಟೆಯನ್ನು ನೋಡುವ ಹಾಗೆ ಅವನನ್ನು ನೋಡುತ್ತಿದ್ದಳು. ತಮ್ಮ ಕಟಕಟೆ ಇಳಿದು ಬಂದಾಗ ಅವಳು ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಅವನು ಕೂತ. ಅವಳು ಅವನ ಕೈ ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡು, ಆ ಕಪ್ಪು ಉಗುರುಗಳನ್ನು ನೋಡುತ್ತಾ ಕೂತಳು.

ತೀರ್ಪು ಅರ್ಧ ಗಂಟೆಯಲ್ಲಿ ಬಂತು. ಗಾಡಿ ಮಾಲೀಕರದ್ದು, ಓಡಿಸಿದ್ದು ಕೆಲಸದ ಮೇಲೆ, ವಿಮೆ ಕಟ್ಟುವ ಹೊಣೆ ಆಫೀಸಿನದು. ಆರೋಪಿಯ ತಪಾಸಣೆ ಬರೀ ನಾಟಕವಾಗಿತ್ತು ಎಂಬುದು ನಾಚಿಕೆಗೇಡಾದರೂ ಅದೇ ಕಾರಣಕ್ಕೆ ವಿಮೆ ಇಲ್ಲದ್ದು ಅವನಿಗೆ ಗೊತ್ತಿರಲಿಲ್ಲ ಎಂದು ನಂಬಬೇಕಾಗುತ್ತದೆ ಎಂದರು ನ್ಯಾಯಾಧೀಶರು. ಖುಲಾಸೆಯಾಯಿತು. ಗುಮಾಸ್ತ ಲೈಸೆನ್ಸು ವಾಪಸು ಕೊಟ್ಟು ಸಹಿ ಹಾಕಿಸಿಕೊಂಡ. ಸಹಿ ಮಾಡುವಾಗ, ಇವತ್ತಿನ ತಾರೀಖೇ ಹಾಕಿ ಎಂದು ಗುಮಾಸ್ತ ಮೆಲ್ಲಗೆ ಹೇಳಿದ್ದು ಸುತ್ತ ನಿಂತವರಿಗೆಲ್ಲ ಕೇಳಿಸಿತು.

ಮ್ಯಾನೇಜರು ಬೇರೆ ಕಡೆ ನೋಡುತ್ತಾ ಸೋಮವಾರ ಬಾ, ಮಾತಾಡೋಣ ಎಂದು ಹೊರಟುಹೋದರು. ಡ್ರೈವರುಗಳಿಬ್ಬರೂ ಅವರ ಹಿಂದೆಯೇ ಹೋದರು. ವಕೀಲಮ್ಮ ಕೈಕುಲುಕಿ, ಗೆದ್ದಿರಲ್ಲ, ಇನ್ನೇನು ಮುಖ ಇಷ್ಟು ಸಪ್ಪೆ ಎಂದು ನಕ್ಕು ಇನ್ನೊಂದು ಕೇಸಿಗೆ ಓಡಿದಳು.

ಕೋರ್ಟಿನ ಅಂಗಳದಲ್ಲಿ ಸೈಕಲ್ ನಿಲ್ಲಿಸುವ ಜಾಗದ ಬಳಿ ಅಕ್ಕ ತಮ್ಮ ನಿಂತಿದ್ದರು. ಅವನು ಹತ್ತಿರ ಹೋದ. ಭಾವಮೈದುನ, ಬಿಡಿ ಭಾವ, ಒಳ್ಳೇದಾಯ್ತಲ್ಲ ಎಂದ. ಆ ಮಾತಿನಲ್ಲಿ ಒಂದು ಚೂರೂ ಕೊಂಕಿರಲಿಲ್ಲ. ಕಾಯ್ದೆಯಣ್ಣ ಏನೋ ಹೇಳಲು ಬಾಯಿ ತೆರೆದ, ಹೆಂಡತಿ ಕೈಯೆತ್ತಿ ತಡೆದಳು.

“ಒಂದೇ ಮಾತು ಕೇಳ್ತೀನಿ ರೀ. ಇವನ ಪುಸ್ತಕ ತಗೊಂಡು ಮ್ಯಾನೇಜರ ಹತ್ರ ಹೋದ್ರಲ್ಲ, ಇವನು ಇದನ್ನ ನಿಮ್ಮಿಂದಲೇ ಕಲಿತದ್ದು ಅಂತ ಆವತ್ತು ನಿಮಗೆ ಗೊತ್ತಿತ್ತಾ?”

ಒಳಗೆ ಅರ್ಧ ದಿನ ನಿಂತು ಗೊತ್ತಿರಲಿಲ್ಲ, ಗೊತ್ತಿರಲಿಲ್ಲ ಎಂದು ಹೇಳಿ ಅಭ್ಯಾಸವಾಗಿದ್ದ ನಾಲಿಗೆ. ಆ ಮಾತೇ ತುಟಿಯ ತನಕ ಬಂತು. ಭಾವಮೈದುನ ಅದನ್ನು ಕಂಡವನಂತೆ, ಹೋಗಲಿ ಬಿಡಕ್ಕ, ಭಾವಂಗೆ ಹೇಗೆ ಗೊತ್ತಾಗಬೇಕು ಎಂದ. ಅವನು ಇನ್ನೂ ಸಾಕ್ಷಿ ಹೇಳುತ್ತಲೇ ಇದ್ದ.

“ಗೊತ್ತಿತ್ತು,” ಎಂದ ಕಾಯ್ದೆಯಣ್ಣ. “ನನ್ನ ಪುಸ್ತಕ ಕೇಳ್ತಾರೆ ಅಂತಾನೇ ಅವನದ್ದು ಕೊಟ್ಟೆ.”

ಅವಳು ತಲೆಯಾಡಿಸಿದಳು. ಬೈಯಲಿಲ್ಲ. ಚೀಲದಿಂದ ಮನೆಯ ಬೀಗದ ಕೈ ತೆಗೆದು ಅವನ ಅಂಗೈಯಲ್ಲಿ ಇಟ್ಟಳು, ಆಮೇಲೆ ತಮ್ಮನ ಸೈಕಲ್ಲಿನ ಹಿಂದೆ ಕೂತಳು. ಭಾವಮೈದುನ ಇವನ ಕಡೆ ಒಮ್ಮೆ ತಿರುಗಿ ನೋಡಿ, ಏನೂ ತೋಚದೆ ಪೆಡಲು ತುಳಿದ. ಕಾಯ್ದೆಯಣ್ಣ ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಲೈಸೆನ್ಸು ಹಿಡಿದು ಗೇಟಿನ ತನಕ ಅವರ ಹಿಂದೆಯೇ ನಡೆದ, ಆಮೇಲೆ ನಿಂತ.